ಚಾಟ್‌ಜಿಪಿಟಿಗೆ ಮಣ್ಣು ಮುಕ್ಕಿಸಿದ 1979ರ ಚದುರಂಗ

ಮುನಿರಾಬಾದ್: ತುಂಗಭದ್ರಾ ಅಣೆಕಟ್ಟೆಯಿಂದ ನದಿಯ ಜಾಡು ಹಿಡಿದು ಕೆಳಗೆ ಸಾಗಿದರೆ ಹಂಪಿ ಸಿಗುತ್ತದೆ. ಅಲ್ಲಿನ ಮಂಟಪಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು, ಅಳಗುಳಿಮನೆಯ ಕುಳಿಗಳನ್ನು ಇಂದಿಗೂ ಕಾಣಬಹುದು. ಆಡುವವರು ನಡುವೆ ಎದ್ದು ಹೋಗಿ ಬಂದರೂ ಆಟ ಎಲ್ಲಿ ನಿಂತಿತ್ತೆಂಬುದನ್ನು ಕಲ್ಲಿನ ಮೇಲಿನ ಹರಳುಗಳೇ ಹೇಳುತ್ತವೆ. ಮಣೆಯೇ ಆಟದ ನೆನಪು. ಈ ನೆನಪಿಲ್ಲದಿದ್ದರೆ ಎಂಥ ದೈತ್ಯ ಯಂತ್ರವೂ ಎಡವುತ್ತದೆ ಎಂಬುದು 2025ರ ಜೂನ್‌ನಲ್ಲಿ ಜಗಜ್ಜಾಹೀರಾಯಿತು. ಅಮೆರಿಕದ ಅಟಾರಿ ಕಂಪನಿ 1979ರಲ್ಲಿ ಹೊರತಂದಿದ್ದ 'ವಿಡಿಯೊ ಚೆಸ್' ಎಂಬ ಆಟ, ಆರಂಭಿಕರಿಗೆಂದು ಮೀಸಲಾದ ಹಂತದಲ್ಲಿಯೇ ಚಾಟ್‌ಜಿಪಿಟಿಯನ್ನು ಸೋಲಿಸಿತು.

ಟಿವಿಗೆ ಜೋಡಿಸಿ ಆಡುವ ಅಟಾರಿ ಯಂತ್ರ ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಅದರ ಪೆಟ್ಟಿಗೆಯ ಮೇಲೆ ಚದುರಂಗದ ಕಾಯಿಯ ಚಿತ್ರವಿದ್ದರೂ ಒಳಗೆ ಚದುರಂಗವಿಲ್ಲವೆಂದು ಗ್ರಾಹಕನೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ, ಅದರಿಂದಲೇ ಈ ಆಟ ಹುಟ್ಟಿತು ಎಂಬ ಕಥೆ ಪ್ರಚಲಿತದಲ್ಲಿದೆ. ಕಥೆ ಹೇಗಾದರೂ ಇರಲಿ, ಲ್ಯಾರಿ ವ್ಯಾಗ್ನರ್ ಮತ್ತು ಬಾಬ್ ವೈಟ್‌ಹೆಡ್ ಎದುರಿಸಿದ ಇಕ್ಕಟ್ಟು ಮಾತ್ರ ನಿಜವಾದದ್ದು. ಇಡೀ ಆಟ 4 ಕಿಲೋಬೈಟ್‌ನಲ್ಲಿ ಅಡಗಬೇಕಿತ್ತು. ಆಡುವಾಗ ಬಳಸಲು ಯಂತ್ರದಲ್ಲಿದ್ದ ಸ್ಮರಣಕೋಶ ಕೇವಲ 128 ಬೈಟ್. ಇಂದಿನ ಮೊಬೈಲುಗಳು ಕನ್ನಡವನ್ನು ಉಳಿಸುವ ಸಾಮಾನ್ಯ ವಿಧಾನದಲ್ಲಿ 'ಮುನಿರಾಬಾದ್' ಎಂಬ ಒಂದು ಪದಕ್ಕೆ 30 ಬೈಟ್ ಬೇಕು. ಅಂದರೆ ಊರಿನ ಹೆಸರನ್ನು ನಾಲ್ಕು ಬಾರಿ ಬರೆದರೆ ಐದನೆಯದಕ್ಕೆ ಜಾಗವಿರದು! ಮಣೆಯ 64 ಮನೆಗಳಿಗೆ ಒಂದೊಂದು ಬೈಟ್ ಕೊಟ್ಟರೂ ಅರ್ಧ ಸ್ಮರಣೆ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧದಲ್ಲಿ ಯೋಚನೆ, ಲೆಕ್ಕಾಚಾರ ಎಲ್ಲವೂ ನಡೆಯಬೇಕು.

ಚಿತ್ರ ಬಿಡಿಸುವುದೂ ಸುಲಭವಿರಲಿಲ್ಲ. ಆ ಯಂತ್ರ ಪರದೆಯ ಒಂದು ಗೆರೆಯಲ್ಲಿ ಸರಾಗವಾಗಿ ತೋರಿಸಬಲ್ಲ ಆಕೃತಿಗಳು ಆರೇ. ಚದುರಂಗದ ಸಾಲಿನಲ್ಲಿ ಕಾಯಿಗಳು ಎಂಟು. ವೈಟ್‌ಹೆಡ್ ಒಂದು ಗೆರೆಯಲ್ಲಿ ನಾಲ್ಕು ಕಾಯಿ, ಮರುಗೆರೆಯಲ್ಲಿ ಉಳಿದ ನಾಲ್ಕು ಎಂದು ಹಂಚಿ ಬಿಡಿಸಿದರು. ಹೀಗಾಗಿ ಕಾಯಿಗಳು ಜಾಲರಿಯಿಂದ ಕಂಡಂತೆ ಸೀಳುಸೀಳಾಗಿ ಕಾಣುತ್ತವೆ. ಯಂತ್ರ ಯೋಚಿಸುವಾಗ ಚಿತ್ರ ಬಿಡಿಸಲು ಪುರುಸೊತ್ತಿರದೆ ಮಣೆಯೇ ಮಾಯವಾಗಿ ಬಣ್ಣಗಳು ಮಿನುಗುತ್ತವೆ.

ಇಂಥ ಆಟವನ್ನು, ಹಳೆಯ ಯಂತ್ರವನ್ನು ಅನುಕರಿಸುವ 'ಸ್ಟೆಲ್ಲಾ' ತಂತ್ರಾಂಶದ ಮೂಲಕ ಅಮೆರಿಕದ ಎಂಜಿನಿಯರೊಬ್ಬರು ಚಾಟ್‌ಜಿಪಿಟಿಯ ಎದುರು ನಿಲ್ಲಿಸಿದರು. ಸುಮಾರು 90 ನಿಮಿಷಗಳ ಆಟದಲ್ಲಿ ಚಾಟ್‌ಬಾಟ್ ಆನೆಯನ್ನು ಒಂಟೆಯೆಂದು ಭ್ರಮಿಸಿತು, ಕಾಯಿಗಳು ಎಲ್ಲಿವೆಯೆಂಬುದನ್ನೇ ಪದೇ ಪದೇ ಮರೆಯಿತು. ಅಟಾರಿಯ ಚಿತ್ರಗಳು ಸ್ಪಷ್ಟವಿಲ್ಲವೆಂದು ದೂರಿತು. ನಡೆಗಳನ್ನು ಅಕ್ಷರ-ಅಂಕಿಗಳಲ್ಲಿ ಕೊಟ್ಟ ಮೇಲೂ ಸುಧಾರಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತು.

ಇದರಿಂದ ಅಟಾರಿ ಮೇಧಾವಿಯೆಂದು ತಿಳಿಯಬೇಕಿಲ್ಲ. ತಕ್ಕಮಟ್ಟಿನ ಅಭ್ಯಾಸವುಳ್ಳ ಆಟಗಾರ ಅದನ್ನು ಸೋಲಿಸಬಲ್ಲ. ಇದು ಶಾಸ್ತ್ರೀಯ ಪ್ರಯೋಗವೂ ಅಲ್ಲ. ಆದರೆ ಎರಡರ ಕಾರ್ಯವಿಧಾನದ ಅಂತರ ಇಲ್ಲಿ ಎದ್ದು ಕಾಣುತ್ತದೆ. ಅಟಾರಿ ಪ್ರತಿ ನಡೆಯ ನಂತರವೂ ಮಣೆಯ ಸ್ಥಿತಿಯನ್ನು ತನ್ನ ಪುಟ್ಟ ಸ್ಮರಣೆಯಲ್ಲಿ ತಿದ್ದಿಟ್ಟುಕೊಂಡು, ನಿಯಮದಂತೆ ಸಾಧ್ಯವಿರುವ ನಡೆಗಳನ್ನು ತೂಗಿ ನೋಡುತ್ತದೆ. ಚಾಟ್‌ಬಾಟ್‌ನ ಮೂಲ ಕಸುಬು ಬೇರೆ. ಅಪಾರ ಬರಹಗಳಿಂದ ಕಲಿತು, ಮುಂದೆ ಬರಬಹುದಾದ ಪದವನ್ನು ಊಹಿಸುವುದು ಅದರ ಕೆಲಸ. ಚದುರಂಗದ ಬಗ್ಗೆ ಅದು ಸೊಗಸಾಗಿ ಮಾತನಾಡಬಲ್ಲದು; ಮಾತಿನ ಹಿಂದೆ ಖಚಿತವಾದ ಮಣೆಯೊಂದು ಇರಲೇಬೇಕೆಂದಿಲ್ಲ.

ಮಾತು ಮತ್ತು ಮಣೆ ಒಂದಾಗಿದ್ದ ಪರಂಪರೆಯೂ ನಮ್ಮಲ್ಲಿದೆ ಎಂಬುದು ಇಲ್ಲಿ ಉಲ್ಲೇಖಾರ್ಹ. ಶ್ಲೋಕದ ಅಕ್ಷರಗಳನ್ನು ಮನೆಗಳಲ್ಲಿಟ್ಟು ಕುದುರೆಯ ನಡೆಯಲ್ಲಿ ಓದುವ ತುರಗಪದ ಬಂಧವನ್ನು 9ನೇ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಕಾಣಬಹುದು. ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ನಡೆಸುವ ಸಮಸ್ಯೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಪರಿಣತರಾಗಿದ್ದರು. ಒಂದು ಮನೆ ತಪ್ಪಿದರೂ ಅಲ್ಲಿ ಆಟ ಕೆಟ್ಟಂತೆ.

2024ರಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಮಕ್ಕಳನ್ನು ಚದುರಂಗಕ್ಕೆ ಹಚ್ಚಬಯಸುವ ಪಾಲಕರು ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು. ನಡೆ ಸರಿಯೋ ತಪ್ಪೋ ಎಂದು ಚಾಟ್‌ಬಾಟ್ ಅನ್ನು ಕೇಳಿದರೆ, ತಪ್ಪನ್ನೂ ಅದು ಅಷ್ಟೇ ಆತ್ಮವಿಶ್ವಾಸದಿಂದ ಸಮರ್ಥಿಸೀತು. ಕಲಿಯುವ ಮಗುವಿಗೆ ಅದು ಗೊತ್ತಾಗುವುದಿಲ್ಲ. ಚದುರಂಗಕ್ಕೆಂದೇ ರೂಪಿಸಿದ 'ಸ್ಟಾಕ್‌ಫಿಶ್' ಉಚಿತವಾಗಿ ಲಭ್ಯವಿದ್ದು, ಸಾಧಾರಣ ಮೊಬೈಲಿನಲ್ಲೂ ಓಡುತ್ತದೆ. ಗೊಬ್ಬರದ ಪ್ರಮಾಣವನ್ನೋ ಔಷಧದ ಲೆಕ್ಕವನ್ನೋ ಚಾಟ್‌ಬಾಟ್‌ಗೆ ಕೇಳುವ ದೊಡ್ಡವರಿಗೂ ಈ ಎಚ್ಚರ ಬೇಕು. ಅಲ್ಲಿ ಕಳೆದುಕೊಳ್ಳುವುದು ಮರದ ಆನೆಯನ್ನಲ್ಲ.

ಅಟಾರಿಯ ಎದುರು ಕೂರಬಯಸುವವರಿಗೆ ಎಂಟು ಹಂತಗಳಿವೆ. ಎಂಟನೆಯದೇ ಆರಂಭಿಕರದ್ದು, ಅಲ್ಲಿ ಯಂತ್ರ ಒಂದು ನಡೆಗೆ ಸುಮಾರು 10 ಸೆಕೆಂಡ್ ತೆಗೆದುಕೊಳ್ಳುತ್ತದೆ. ಏಳನೆಯ ಹಂತ ಆರಿಸುವ ಮುನ್ನ ಯೋಚಿಸಬೇಕು. ಅಲ್ಲಿ ಒಂದು ನಡೆಗೆ ಹಿಡಿಯುವ ಸಮಯ 10 ಗಂಟೆ.