ನಿಮಗಿದು ಗೊತ್ತೆ? ಕಂಪ್ಯೂಟರಿನಲ್ಲೂ ಗೋಧಿ ಬೆಳೆಯುತ್ತಾರೆ!

ಹೊಲವಿಲ್ಲ, ಬೀಜವಿಲ್ಲ. ಆದರೂ ಬೆಳೆ ಬರುತ್ತದೆ. ಮಣ್ಣಿನ ಗುಣ, ಮಳೆ, ಬಿಸಿಲು, ಗೊಬ್ಬರ, ಬಿತ್ತಿದ ದಿನ ಇಷ್ಟನ್ನು ಉಣಿಸಿದರೆ ‘ಬೆಳೆ ಮಾದರಿ’ ಎಂಬ ತಂತ್ರಾಂಶವು ಪೈರಿನ ದಿನದಿನದ ಬೆಳವಣಿಗೆಯನ್ನು ಲೆಕ್ಕಹಾಕಿ ಇಳುವರಿ ಹೇಳುತ್ತದೆ. ತೊಡಕೆಂದರೆ, ಒಂದೇ ಹೊಲಕ್ಕೆ ಒಂದೊಂದು ಮಾದರಿಯದು ಒಂದೊಂದು ಉತ್ತರ. ಹತ್ತು ಜ್ಯೋತಿಷಿಗಳಿಗೆ ಒಂದೇ ಜಾತಕ ತೋರಿಸಿದ ಹಾಗೆ!

ಇವನ್ನೆಲ್ಲ ಒಂದೇ ಒರೆಗಲ್ಲಿಗೆ ಹಚ್ಚಲೆಂದು 2010ರಲ್ಲಿ ಹುಟ್ಟಿದ್ದು ‘ಆಗ್‌ಮಿಪ್’ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ಕೂಟ. ಮುಂದಾಳುಗಳಲ್ಲಿ ಒಬ್ಬರಾದ ನಾಸಾದ ಸಿಂಥಿಯಾ ರೋಸೆನ್‌ಜ್ವೈಗ್ ಹರೆಯದಲ್ಲಿ ಇಟಲಿಯ ಟಸ್ಕನಿಯಲ್ಲಿ ಸ್ವತಃ ಬೇಸಾಯ ಮಾಡಿದವರು. 2022ರ ವಿಶ್ವ ಆಹಾರ ಪ್ರಶಸ್ತಿ ಅವರಿಗೇ ಸಂದಿತು.

ಈ ಕೂಟ 30 ಗೋಧಿ ಮಾದರಿಗಳನ್ನು ಒಟ್ಟಿಗೆ ಓಡಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಜಗತ್ತಿನ ಗೋಧಿ ಉತ್ಪಾದನೆ ಸುಮಾರು ಶೇ 6ರಷ್ಟು ಇಳಿಯುತ್ತದೆ ಎಂಬುದು ಅದರ ಲೆಕ್ಕ. ಬಿಡಿ ಮಾದರಿಗಿಂತ ಎಲ್ಲದರ ನಡುಮೌಲ್ಯವೇ ನಿಜಕ್ಕೆ ಹತ್ತಿರವಿತ್ತು ಎನ್ನುವುದು ಇನ್ನೂ ಸ್ವಾರಸ್ಯ.

ಇದೇ ಕೂಟದ 2021ರ ಲೆಕ್ಕ ಬೇರೆಯೇ ಕಥೆ ಹೇಳಿತು. ಹಸಿರುಮನೆ ಅನಿಲಗಳು ವಿಪರೀತ ಹೆಚ್ಚಿದರೆ ಶತಮಾನದ ಕೊನೆಗೆ ಮೆಕ್ಕೆಜೋಳದ ಇಳುವರಿ ಶೇ 24ರಷ್ಟು ಕುಸಿಯಬಹುದು, ಗೋಧಿ ಮಾತ್ರ ಶೇ 17ರಷ್ಟು ಏರಬಹುದು! ಗಾಳಿಯಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್ ಗೋಧಿಗೆ ಗೊಬ್ಬರದಂತೆ ಒದಗುತ್ತದೆ. ಮೆಕ್ಕೆಜೋಳಕ್ಕೆ ಅದರಿಂದ ಅಷ್ಟು ಲಾಭವಿಲ್ಲ. ನಮ್ಮ ದಾವಣಗೆರೆ, ಹಾವೇರಿ ಸೀಮೆಯ ಬಹಳಷ್ಟು ರೈತರು ನೆಚ್ಚಿಕೊಂಡಿರುವುದು ಮೆಕ್ಕೆಜೋಳವನ್ನೇ.