ಮೈ ಬೆಚ್ಚಗಿರಲು ಬೇಕು ಚಿಟಿಕೆ ಖನಿಜ

ನ್ಯೂಜಿಲೆಂಡಿನಲ್ಲಿ ಕುರಿಗಳು ಮರಿ ಹಾಕುವುದು ಹೆಚ್ಚಾಗಿ ಆಗಸ್ಟ್–ಸೆಪ್ಟೆಂಬರ್ ತಿಂಗಳಲ್ಲಿ. ಅಲ್ಲಿ ಅದು ಚಳಿಗಾಲದ ಕೊನೆ. ತಾಯಿಯ ಹೊಟ್ಟೆಯಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿದ್ದ ಮರಿ ಒದ್ದೆ ಮೈಯಲ್ಲಿ ಕೊರೆಯುವ ಗಾಳಿಗೆ ಬೀಳುತ್ತದೆ. ಮೊದಲ ಕೆಲವು ಗಂಟೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಂಡರೆ ಬದುಕಿತು, ಇಲ್ಲವಾದರೆ ಇಲ್ಲ.

ಗಬ್ಬದಲ್ಲಿದ್ದಾಗ ಕೇಲ್ ಎಂಬ ಕೋಸಿನ ಜಾತಿಯ ಮೇವನ್ನೇ ಹೆಚ್ಚು ತಿಂದ ಕುರಿಗಳ ಮರಿಗಳಿಗೆ ಈ ಅಪಾಯ ಜಾಸ್ತಿ. ಏಕೆಂದರೆ ಕೇಲ್‌ನಲ್ಲಿರುವ ಕೆಲವು ಅಂಶಗಳು ದೇಹ ಅಯೋಡೀನನ್ನು ಬಳಸಿಕೊಳ್ಳದಂತೆ ತಡೆಯುತ್ತವೆ. ಇಂಥ ಮರಿಗಳ ಕುತ್ತಿಗೆಯಲ್ಲಿ ಗಳಗಂಡವೂ ಕಾಣಿಸಿಕೊಳ್ಳಬಹುದು. ಮರಿ ಹಾಕುವ ಮೊದಲೇ ತಾಯಿಗೆ ಅಯೋಡೀನ್ ಕೊಟ್ಟರೆ ಈ ತೊಂದರೆ ತಪ್ಪುತ್ತದೆ.

ಅಯೋಡೀನಿಗೂ ಚಳಿಗೂ ಏನು ಸಂಬಂಧ?

ಒಂದು ಹಾರ್ಮೋನು, ಮೂರು ಖನಿಜ

ದೇಹವನ್ನು ಒಲೆಗೆ ಹೋಲಿಸಿದರೆ ಆಹಾರವೇ ಸೌದೆ. ಉರಿ ಎಷ್ಟಿರಬೇಕೆಂದು ನಿರ್ಧರಿಸುವುದರಲ್ಲಿ ಥೈರಾಯ್ಡ್ ಗ್ರಂಥಿಯ ಪಾತ್ರ ದೊಡ್ಡದು. ಅದು ತಯಾರಿಸುವ ಥೈರಾಕ್ಸಿನ್ ಹಾರ್ಮೋನಿನ ಒಂದೊಂದು ಅಣುವಿನಲ್ಲೂ 4 ಅಯೋಡೀನ್ ಪರಮಾಣುಗಳಿರುತ್ತವೆ. ಅದನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ತಯಾರಾದ ಹಾರ್ಮೋನು ಚುರುಕಾಗಬೇಕಾದರೆ ಒಂದು ಅಯೋಡೀನ್ ಪರಮಾಣು ಕಳಚಬೇಕು. ಕಳಚುವ ಕಿಣ್ವದಲ್ಲಿರುವುದು ಸೆಲೀನಿಯಂ. ಮೂರರಲ್ಲಿ ಯಾವುದು ತೀರಾ ಕಡಿಮೆಯಾದರೂ ಈ ಕೆಲಸ ಕುಂಟುತ್ತದೆ.

ಎಳೆಯ ಕುರಿಮರಿಯ ಮೂತ್ರಪಿಂಡಗಳ ಸುತ್ತ ಕಂದು ಕೊಬ್ಬು ಇರುತ್ತದೆ. ಇದು ಮೈ ನಡುಗದೆಯೇ ಶಾಖ ಹುಟ್ಟಿಸುವ ಕೊಬ್ಬು. ಈ ಕೊಬ್ಬು ಸರಿಯಾಗಿ ಉರಿಯಲೂ ಥೈರಾಯ್ಡ್ ಹಾರ್ಮೋನು ಬೇಕು.

ಕಬ್ಬಿಣಕ್ಕೆ ಇನ್ನೊಂದು ಹೊಣೆಯೂ ಉಂಟು. ರಕ್ತದ ಹಿಮೋಗ್ಲೋಬಿನ್‌ನಲ್ಲಿದ್ದು ಆಮ್ಲಜನಕವನ್ನು ಸಾಗಿಸುವುದು ಅದೇ. ಗಾಳಿಯಾಡದ ಒಲೆಯಲ್ಲಿ ಎಷ್ಟು ಸೌದೆ ತುರುಕಿದರೇನು? ಕಬ್ಬಿಣದ ಕೊರತೆಯಿರುವ ಇಲಿಗಳನ್ನು ಚಳಿಯಲ್ಲಿರಿಸಿದಾಗ ಅವುಗಳ ಮೈ ಬೇಗ ತಣ್ಣಗಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಮನುಷ್ಯರಲ್ಲಿ?

ಅಮೆರಿಕದ ಜಾನ್ ಬಿಯರ್ಡ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಹಿಳೆಯರನ್ನು 28 ಡಿಗ್ರಿಯ ನೀರಿನಲ್ಲಿ ಕೂರಿಸಲಾಗಿತ್ತು. ಕಬ್ಬಿಣದ ಕೊರತೆಯಿಂದ ರಕ್ತಹೀನರಾಗಿದ್ದವರ ಮೈ ಉಳಿದವರಿಗಿಂತ ಹೆಚ್ಚು ತಣ್ಣಗಾಯಿತು. ಅವರ ಥೈರಾಯ್ಡ್ ಹಾರ್ಮೋನುಗಳ ಮಟ್ಟವೂ ಕಡಿಮೆಯಿತ್ತು. 12 ವಾರ ಕಬ್ಬಿಣಾಂಶ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿತು.

ನಮ್ಮ ಮನೆಗಳಿಗೆ ಇದು ದೂರದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಎಲ್ಲರೂ ಆರಾಮವಾಗಿರುವಾಗ ಮಗಳೊಬ್ಬಳೇ ಸ್ವೆಟರ್ ಹೊದ್ದು ಕೂರುತ್ತಾಳೆ, ಬೇಗ ಸುಸ್ತಾಗುತ್ತಾಳೆ, ಮುಖ ಬಿಳಿಚಿಕೊಂಡಿದೆ ಎಂದಾದರೆ ಸೋಮಾರಿ ಎಂದು ಗದರುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. ಚಳಿಯಾಗುವುದೊಂದೇ ರೋಗದ ಗುರುತಲ್ಲ. ಕಬ್ಬಿಣ ಅತಿಯಾದರೂ ಕೆಡುಕೇ. ಆದ್ದರಿಂದ ಮಾತ್ರೆಯ ವಿಷಯ ವೈದ್ಯರಿಗೆ ಬಿಡಬೇಕು.

ಅಡುಗೆಮನೆಯಲ್ಲಿ ಮಾಡಬಹುದಾದದ್ದೂ ಇದೆ. ಸೊಪ್ಪು, ಕಾಳುಗಳ ಜೊತೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದಕ್ಕೆ ಅಡ್ಡಿ. ಇನ್ನು ಸಾರಿಗೆ ಹಾಕುವ ಉಪ್ಪು ಅಯೋಡೀನ್‌ಯುಕ್ತವಾಗಿರಲಿ. ಚಳಿಗೆ ಹೊರಗಿನ ಕಂಬಳಿ ಎಷ್ಟು ಮುಖ್ಯವೋ ಒಳಗಿನ ಈ ಚಿಟಿಕೆ ಖನಿಜಗಳೂ ಅಷ್ಟೇ ಮುಖ್ಯ.