ಗುಂಡಿ ಒತ್ತಿದರೆ ಬಿಚ್ಚುವ ಚಾಕು ಜೇಬಲ್ಲಿರಬಹುದಾ?

ಗುಂಡಿ ಒತ್ತಿದ್ರೆ ಸಾಕು, ಟಕ್ ಅಂತ ಅಲಗು ಹೊರಗೆ. ಅಮೆರಿಕದಲ್ಲಿ ಇದು ಸ್ವಿಚ್‌ಬ್ಲೇಡ್. ಜೇಬಲ್ಲಿಟ್ಟುಕೊಂಡು ಓಡಾಡಬಹುದಾ? ಯಾವ ರಾಜ್ಯದಲ್ಲಿದ್ದೀರಿ, ಮೊದಲು ಅದು ಹೇಳಿ.

1958ರ ಕೇಂದ್ರ ಕಾನೂನು ತಡೆಯೋದು ಮುಖ್ಯವಾಗಿ ರಾಜ್ಯದಿಂದ ರಾಜ್ಯಕ್ಕೆ ನಡೆಯೋ ವ್ಯಾಪಾರವನ್ನ. ಅದರಲ್ಲೊಂದು ಸ್ವಾರಸ್ಯದ ವಿನಾಯಿತಿ ಇದೆ: ಒಂದೇ ಕೈ ಇರುವವರು 3 ಇಂಚು ಮೀರದ ಅಲಗಿನದನ್ನ ಜೊತೆಗಿಟ್ಟುಕೊಳ್ಳಬಹುದು. ನ್ಯಾಯವೇ ಬಿಡಿ, ಹಳೇ ಮಡಚುಚಾಕು ಬಿಡಿಸೋಕೆ ಎರಡು ಕೈ ಬೇಕಲ್ಲ!

ಜೇಬಿನ ವಿಷಯ ಹೆಚ್ಚಾಗಿ ರಾಜ್ಯಗಳಿಗೆ ಬಿಟ್ಟದ್ದು. ಟೆಕ್ಸಸ್ 2013ರಲ್ಲಿ ನಿಷೇಧ ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಅಲಗು 2 ಇಂಚಿಗಿಂತ ಕಮ್ಮಿ ಇರಲೇಬೇಕು, ಜೇಬಲ್ಲಿರಲಿ, ರಸ್ತೆಯಲ್ಲಿ ಕಾರಿನ ಸೀಟಿನ ಪಕ್ಕದಲ್ಲಿರಲಿ. ಆಸ್ಟಿನ್‌ನಿಂದ ಲಾಸ್ ಏಂಜಲೀಸ್‌ನ ನೆಂಟರ ಮನೆಗೆ ಹೊರಟ ಕನ್ನಡಿಗರೇ, ಡ್ಯಾಶ್‌ಬೋರ್ಡ್ ಒಮ್ಮೆ ನೋಡಿಕೊಳ್ಳಿ.

ಉಪಯೋಗ ಇದೆಯಾ? ಏಣಿ ಮೇಲೆ ಒಂದು ಕೈಲಿ ಹಿಡ್ಕೊಂಡು ಹಗ್ಗ ಕತ್ತರಿಸೋರಿಗೆ ಖಂಡಿತ ಇದೆ. ಆದ್ರೆ ಜೇಬಿನ ನೂಲು, ಧೂಳು ಒಳಗೆ ಸೇರಿದ್ರೆ ಅಲಗು ಅರ್ಧಕ್ಕೇ ನಿಲ್ಲುತ್ತೆ, ಲಾಕ್ ಕೂರಲ್ಲ. ಗುಂಡಿಗೆ ಸೇಫ್ಟಿ ಇಲ್ಲದ್ದನ್ನಂತೂ ಕೊಳ್ಳಲೇಬೇಡಿ, ಜೇಬೊಳಗೇ ಬಿಚ್ಚಿಕೊಂಡ್ರೆ ತೊಡೆಗೇ ಗಾಯ.

ಬರೀ ಪಾರ್ಸೆಲ್ ಬಿಚ್ಚೋಕಾ? ಸ್ಟೇಷನರಿ ಅಂಗಡಿ ಕಟರ್ ಸಾಕು ಮಾರಾಯ್ರೆ.